ಫ್ರೆಂಚಿಗೆ ಕನ್ನಡದಿಂದಲೇ ದಾರಿ ತೋರಿಸಿದವರಿಗೆ

ಕಳೆದ ವಾರ ಫ್ರೆಂಚ್ ಭಾಷೆಯ ಡೆಲ್ಫ್ ಬಿ2 ಪರೀಕ್ಷೆಯ ಫಲಿತಾಂಶ ಬಂತು. ನೂರಕ್ಕೆ 63. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ, ಒಂದೊಂದಕ್ಕೂ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಆಗಬಾರದು. ಕೇಳುವ ಭಾಗದಲ್ಲಿ ನನಗೆ ಬಂದದ್ದು 11. ಎರಡು ವರ್ಷದ ಹಿಂದೆ ಇದೇ ಭಾಗದ ಮಾದರಿ ಪರೀಕ್ಷೆಯಲ್ಲಿ 3 ಬಂದಿತ್ತು. ಅವತ್ತು ರಾತ್ರಿ ಡಿಪ್ಲೊಮಾ ತರಗತಿಗೆ ಇನ್ನು ಹೋಗೋದಿಲ್ಲ ಎಂದು ಅಮ್ಮನ ಮುಂದೆ ಅತ್ತಿದ್ದೆ. ಆ 3 ಇವತ್ತು 11 ಆಗಿದ್ದು ನನ್ನೊಬ್ಬಳಿಂದ ಅಲ್ಲ. ಎದುರಿಗೆ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷದ ಸರ್ಟಿಫಿಕೇಟ್ ಕೋರ್ಸು ಹಬ್ಬದ ಹಾಗಿತ್ತು. ಹೆಸರು ಹೇಳು, ಊರು ಹೇಳು, ಕಾಫಿ ಕೇಳು, ದಾರಿ ಕೇಳು. ಸಂಜೆ ತರಗತಿಯಲ್ಲಿ ಜಾಗ ಸಾಲದೆ ಹಿಂದೆ ಕುರ್ಚಿ ಹಾಕಿಸಿದ್ದರು. ಎರಡನೇ ವರ್ಷಕ್ಕೆ ಉಳಿದವರು ಒಂಬತ್ತು ಜನ. ನಿಜವಾದ ಕಷ್ಟ ಶುರುವಾಗಿದ್ದೇ ಅಲ್ಲಿಂದ. ಬಿಡಿಬಿಡಿಯಾಗಿ ಗೊತ್ತಿದ್ದ ಪದಗಳೇ ಒಂದಕ್ಕೊಂದು ಅಂಟಿಕೊಂಡು ಬಂದರೆ ಗುರುತು ಸಿಗುತ್ತಿರಲಿಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇನ್ನೂ ಒಂದು ತೊಡಕಿತ್ತು. ಕೈಗೆ ಸಿಕ್ಕ ವ್ಯಾಕರಣದ ಗೈಡುಗಳೆಲ್ಲ ಇಂಗ್ಲಿಷಿನವು. ಫ್ರೆಂಚ್ ವಾಕ್ಯ ಕಟ್ಟಬೇಕಾದರೆ ಮೊದಲು ಅದನ್ನು ಇಂಗ್ಲಿಷಿನಲ್ಲಿ ಕಟ್ಟಿಕೊಳ್ಳಬೇಕು, ಆಮೇಲೆ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಅಷ್ಟರಲ್ಲಿ ಎದುರಿನವರ ಮಾತು ಮುಗಿದೇ ಹೋಗಿರುತ್ತಿತ್ತು.

ಮೇಡಂ, ನಿಮಗೆ ಆ ಮಂಗಳವಾರ ನೆನಪಿದೆಯೋ ಇಲ್ಲವೋ. 'ಎರಡು ವರ್ಷದಿಂದ ಫ್ರೆಂಚ್ ಕಲಿಯುತ್ತಿದ್ದೇನೆ' ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಮೂರು ಸಲ ತಪ್ಪು ಬರೆದೆ. ಇಂಗ್ಲಿಷಿನ 'ಹ್ಯಾವ್ ಬೀನ್' ತಲೆಯಲ್ಲಿ ಕೂತು ಯಾವುದೋ ಭೂತಕಾಲ ಹುಡುಕುತ್ತಿದ್ದೆ. ನೀವು ಎದ್ದು ಬಂದು ಬೋರ್ಡ್ ಒರೆಸಿ, "ಇದನ್ನ ಮನೇಲಿ ಅಮ್ಮನಿಗೆ ಹೇಗೆ ಹೇಳ್ತೀಯಮ್ಮಾ?" ಅಂದಿರಿ. ಹೇಳಿದೆ. "ಕಲಿಯುತ್ತಿದ್ದೇನೆ ಅನ್ನೋದು ಯಾವ ಕಾಲ?" ವರ್ತಮಾನ. "ಮತ್ತೆ ಹಾಗೇ ಬರಿ." ಜಾಪ್ರಾಂ ಲ ಫ್ರಾಂಸೆ ದಪ್ವಿ ದಜಾಂ. ಅಲ್ಲೂ ವರ್ತಮಾನವೇ! ಎರಡು ವರ್ಷ ನಾನು ಸುತ್ತು ಹಾಕಿಕೊಂಡು ಹೋಗುತ್ತಿದ್ದ ಊರಿಗೆ ಹಿತ್ತಲ ಬಾಗಿಲಿಂದಲೇ ದಾರಿ ಇತ್ತು.

ಆಮೇಲೆ ಒಂದೊಂದೇ ಕಾಣಿಸತೊಡಗಿತು. 'ತ್ಯು' ಮತ್ತು 'ವು' ನಮ್ಮ ನೀನು, ನೀವು. 'ಸ ಮ ಪ್ಲೆ' ಅಂದರೆ 'ಅದು ನನಗೆ ಹಿಡಿಸುತ್ತದೆ': ಹಿಡಿಸುವುದು ಅದು, ಹಿಡಿಸುವುದು ನನಗೆ, ಎರಡು ಭಾಷೆಯಲ್ಲೂ ಒಂದೇ ಕಟ್ಟು. ಕನ್ನಡ ನೆರವಿಗೆ ಬಾರದ ಜಾಗವನ್ನೂ ನೀವು ಮುಚ್ಚಿಡಲಿಲ್ಲ. ನಮ್ಮಲ್ಲಿ ಮೇಜು, ಪುಸ್ತಕ ಎಲ್ಲವೂ ನಪುಂಸಕಲಿಂಗ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ಕಾರಣ ಕೇಳುವಂತಿಲ್ಲ. "ಹೆಸರಿನ ಜೊತೆ ಇನಿಷಿಯಲ್ ಕಲಿತ ಹಾಗೆ ಗಂಡಿಗೆ 'ಲ', ಹೆಣ್ಣಿಗೆ 'ಲಾ' ಸೇರಿಸಿಯೇ ಕಲೀರಿ" ಅಂದಿರಿ. ಮೂಗಿನಲ್ಲಿ ಹೊರಡುವ ಸ್ವರಗಳಿಗಂತೂ ನಮ್ಮನ್ನೆಲ್ಲ ನಿಲ್ಲಿಸಿ, ತಪ್ಪಿದರೆ ಮತ್ತೆ ಹೇಳಿಸಿ, ಕೊನೆಯ ಬಸ್ಸು ಹೋಗುವವರೆಗೂ ತರಗತಿ ಬಿಡುತ್ತಿರಲಿಲ್ಲ. ಆ ಹೆಚ್ಚಿನ ಗಂಟೆಗಳಿಗೆ ನಿಮಗೆ ಯಾರೂ ಸಂಬಳ ಕೊಡಲಿಲ್ಲ ಎಂಬುದು ನಮಗೆ ಗೊತ್ತಿತ್ತು.

ಅಮ್ಮ, ನಿನಗೆ. ರೇಡಿಯೊ ಫ್ರಾನ್ಸ್ ಇಂಟರ್‌ನ್ಯಾಷನಲ್‌ನವರು ಸುಲಭ ಫ್ರೆಂಚಿನಲ್ಲಿ ಹತ್ತು ನಿಮಿಷದ ವಾರ್ತೆ ಕೊಡುತ್ತಾರೆ. ದಿನಾ ಬೆಳಿಗ್ಗೆ ಅದನ್ನು ಅಡುಗೆಮನೆಯಲ್ಲೇ ಹಾಕುತ್ತಿದ್ದೆ, ನೀನು ಬೇಡ ಅನ್ನಲಿಲ್ಲ. "ಏನ್ ಹೇಳ್ತಾವ್ನೆ ಕಣವ್ವ ಅವ್ನು?" ಎಂದು ಕೇಳುತ್ತಿದ್ದೆಯಲ್ಲ, ನನ್ನ ನಿಜವಾದ ಪಾಠ ಅದೇ. ರೊಟ್ಟಿ ತಟ್ಟುತ್ತಾ ಕೇಳುವ ನಿನಗೆ ತಕ್ಷಣ ಹೇಳಬೇಕಿತ್ತು, ಡಿಕ್ಷನರಿ ತೆಗೆಯಲು ಪುರುಸೊತ್ತು ಇರಲಿಲ್ಲ. ಒಂದು ದಿನ ಎಲ್ಲೋ ಅಪಘಾತದ ಸುದ್ದಿ ಬಂತು. "ಹತ್ತು ಜನಕ್ಕೆ ಗಾಯ ಆಗಿದೆ" ಅಂದೆ. ಸಂಜೆ ಅದನ್ನೇ ತರಗತಿಯಲ್ಲಿ ಹೇಳಿದಾಗ ಮೇಡಂ ತಿದ್ದಿದರು. ವಾರ್ತೆ ಓದುವವರು 'ಇಲ್ಯಾ' (ಇದ್ದಾರೆ) ಅನ್ನಲಿಲ್ಲ, 'ಇಲ್ಯೊರೆ' ಅಂದರು. ಸುದ್ದಿ ಇನ್ನೂ ಖಚಿತವಾಗಿಲ್ಲದಾಗ ಫ್ರೆಂಚರು ಕ್ರಿಯಾಪದದ ರೂಪವನ್ನೇ ಹಾಗೆ ಬದಲಿಸುತ್ತಾರೆ. "ಗಾಯ ಆಗಿದೆ ಅಲ್ಲ, ಗಾಯ ಆಗಿದೆಯಂತೆ!" ಆ ಒಂದು 'ಅಂತೆ'ಯಿಂದ ಪುಸ್ತಕದ ಎಂಟು ಪುಟ ಅರ್ಥವಾಯಿತು. ಮನೆಗೆ ಬಂದು ನಿನಗೆ ಹೇಳಿದರೆ, "ಅಲ್ವಾ ಮತ್ತೆ, ಕಣ್ಣಲ್ಲಿ ಕಾಣದ್ದನ್ನ ಆಗೈತೆ ಅನ್ನಬೌದಾ?" ಅಂದೆ.

ನಮ್ಮ ತರಗತಿಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಸರ್ ಒಬ್ಬರಿದ್ದಾರೆ. ಡಿಪ್ಲೊಮಾ ತರಗತಿಯಲ್ಲಿ ಹತ್ತು ನಿಮಿಷ ಫ್ರೆಂಚಿನಲ್ಲಿ ಮಾತಾಡುವ ಪರೀಕ್ಷೆಗೆ ನನಗೆ ವಿಷಯವೇ ಹೊಳೆಯದಿದ್ದಾಗ, "ಶ್ರೀರಂಗಪಟ್ಟಣದವಳಾಗಿ ವಿಷಯ ಇಲ್ಲ ಅಂತೀಯಲ್ಲ" ಅಂದವರು ಅವರು. ಟಿಪ್ಪು ಫ್ರಾನ್ಸಿಗೆ ಕಳಿಸಿದ ಮೂವರು ರಾಯಭಾರಿಗಳ ಕಥೆ ಹಿಡಿದೆ. 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದವರು 1788ರ ಜೂನಿನಲ್ಲಿ ತೂಲೋಂ ಬಂದರು ಮುಟ್ಟಿ, ಆಗಸ್ಟ್ 10ರಂದು ವರ್ಸಾಯ್ ಅರಮನೆಯಲ್ಲಿ ಅಲ್ಲಿನ ದೊರೆ ಹದಿನಾರನೇ ಲೂಯಿಯನ್ನು ಕಂಡರು. ಅವರಲ್ಲಿ ಮಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ವಿಜೆ ಲ ಬ್ರನ್ ಎಂಬ ಚಿತ್ರಕಾರ್ತಿ ಬರೆದಳು. ಈ ಕಥೆ ಹೇಳಲು ಎರಡೂ ಭೂತಕಾಲ ಬೇಕು. ಜನ ಕಾಯುತ್ತಿದ್ದರು, ಬಿಸಿಲಿತ್ತು: ಅದು ಆಂಪಾರ್ಫೆ. ರಾಯಭಾರಿಗಳು ಬಂದರು, ದೊರೆ ಎದ್ದ: ಅದು ಪಾಸೆ ಕೊಂಪೊಸೆ. ಶನಿವಾರ ಶನಿವಾರ ಕಲ್ಲುಬೆಂಚಿನ ಮೇಲೆ ಕೂತು ಸರ್ ಅದನ್ನು ಹದಿಮೂರು ಸಲ ಕೇಳಿದ್ದಾರೆ. 'ಬಂದರು' ಅನ್ನುವಲ್ಲಿ 'ಬರುತ್ತಿದ್ದರು' ಅಂದಾಗಲೆಲ್ಲ ಕೈ ಎತ್ತಿ ನಿಲ್ಲಿಸಿದ್ದಾರೆ. ಡೆಲ್ಫ್ ಪರೀಕ್ಷಕರ ಎದುರು ಬೇರೆ ವಿಷಯ ಮಾತಾಡಲು ಕೂತಾಗಲೂ ನನ್ನ ಕಣ್ಣಿಗೆ ಕಂಡದ್ದು ಆ ಎತ್ತಿದ ಕೈ. ಮಾತಿನ ಭಾಗದಲ್ಲಿ ಬಂದ 19 ಅವರದು.

ಪರೀಕ್ಷೆಯ ಫೀಸು ಕಟ್ಟಿದ ಅಣ್ಣನಿಗೆ, ಮೂರು ವಾರಕ್ಕೆ ಕೊಟ್ಟ ನಿಘಂಟನ್ನು ಮೂರು ಸೆಮಿಸ್ಟರ್ ನವೀಕರಿಸಿಕೊಟ್ಟ ಗ್ರಂಥಾಲಯದ ಅಕ್ಕನಿಗೆ, ಬೆಂಗಳೂರಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಮಲಗಲು ಜಾಗ ಕೊಟ್ಟ ಗೆಳತಿಗೆ ಋಣಿ. ಅಕ್ಕಾ, ನಿಘಂಟು ಸೋಮವಾರ ತರುತ್ತೇನೆ. ಬೆನ್ನು ಬಿಟ್ಟಿತ್ತು, ಹೊಲಿಸಿದ್ದೇನೆ.

ಸರ್, ಮುಂದಿನ ಸರದಿ ನಿಮ್ಮ ಪರೀಕ್ಷೆಯದು. ವಿಷಯ ಅಂಚೆಯಣ್ಣನ ಸೈಕಲ್ಲು ಅಂತ ಹೇಳಿದ್ದೀರಿ. ಶನಿವಾರ ನಾಲ್ಕು ಗಂಟೆಗೆ ಅದೇ ಬೆಂಚಿಗೆ ಬರುತ್ತೇನೆ.