ಎರಡಕ್ಕೂ ‘ಸ್ಥಿರ’ ಅಂದ್ರೆ ಹೇಗೆ ತಮ್ಮಾ?

ಕೊಪ್ಪಳ

ತಮ್ಮಾ,

ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋದದ್ದರ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. 2024ರ ಆಗಸ್ಟ್ 10ರ ರಾತ್ರಿ, ಚೈನ್ ತುಂಡಾಗಿದ್ದು, 33 ಗೇಟುಗಳಲ್ಲಿ 19ನೆಯದು ಹೋಗಿದ್ದು, ಎಲ್ಲಾ ಸರಿಯಾಗಿದೆ. ಆದರೆ ಒಂದು ಸಾಲಿನಲ್ಲಿ ಮುಗ್ಗರಿಸಿದೆ: ‘ಅಣೆಕಟ್ಟೆ ಸ್ಥಿರವಾಗಿದೆ, ನೀರಿನ ಮಟ್ಟ ಸ್ಥಿರವಾಗಿ ಇಳಿಯುತ್ತಿದೆ.’ ಸ್ಥಿರವಾಗಿ ಇಳಿಯೋದು ಅಂದ್ರೆ ಏನಪ್ಪಾ?

ಇಂಗ್ಲಿಷಿನಿಂದ ಎತ್ತಿದ್ದೀಯ, ಗೊತ್ತಾಯ್ತು. ಮೊದಲನೆಯದು ಸ್ಟೇಬಲ್, ಎರಡನೆಯದು ಸ್ಟೆಡಿ, ಅಲ್ವಾ? ಎರಡರ ಬೇರೂ ‘ನಿಲ್ಲು’ ಅನ್ನುವುದೇ, ನಮ್ಮ ‘ಸ್ಥಿರ’ದ ಬೇರೂ ಅದೇ. ಅಣ್ಣತಮ್ಮಂದಿರೇ, ಆದರೆ ಬುದ್ಧಿ ಬೇರೆ ಬೇರೆ.

ಬುಡ ಗುಂಡಗಿರುವ ಮಣ್ಣಿನ ಕೊಡವನ್ನು ಬರೀ ನೆಲದ ಮೇಲಿಟ್ಟರೆ ಹೊರಳುತ್ತದೆ. ಸಿಂಬಿ ಮೇಲಿಟ್ಟು ನೋಡು, ಮೊಣಕೈ ತಾಗಿದರೂ ಒಮ್ಮೆ ಓಲಾಡಿ ಮತ್ತೆ ತನ್ನ ಜಾಗದಲ್ಲೇ ಕೂರುತ್ತದೆ. ಅದು ಸ್ಟೇಬಲ್. ಅದೇ ಕೊಡವನ್ನು ತಲೆ ಮೇಲೆ ಹೊತ್ತು ನಮ್ಮವ್ವ ಕೆರೆಯಿಂದ ಬರುತ್ತಿದ್ದಳು, ಕಲ್ಲುದಾರಿ ಇರಲಿ ಏರು ಇರಲಿ, ಹೆಜ್ಜೆ ಜೋರೂ ಆಗದೆ ನಿಧಾನವೂ ಆಗದೆ, ಮಧ್ಯೆ ನನ್ನನ್ನು ಬೈಯುತ್ತಲೇ. ಆ ನಡಿಗೆ ಸ್ಟೆಡಿ. ಸ್ಟೆಡಿ ಆದದ್ದು ನಡೆಯಬಹುದು, ಏರಬಹುದು, ಇಳಿಯಬಹುದು, ಅಳತೆ ತಪ್ಪಬಾರದು ಅಷ್ಟೇ.

ನಾನೇನು ಕಡಿಮೆ ಎಡವಿಲ್ಲ. ಹಿಂದೆ ಒಂದು ಪತ್ರಿಕೆಯಲ್ಲಿದ್ದಾಗ ‘ಹತ್ತಿ ದರದಲ್ಲಿ ಸ್ಥಿರ ಏರಿಕೆ’ ಅಂತ ಹೆಡ್ಡಿಂಗ್ ಕೊಟ್ಟಿದ್ದೆ. ಮರುದಿನ ರಾಯಚೂರು ಮಾರ್ಕೆಟ್ಟಿನಲ್ಲಿ ಒಬ್ಬ ರೈತ ಪೇಪರ್ ಮುಂದೆ ಹಿಡಿದು ‘ದರ ನಿಂತೈತೋ, ಏರೈತೋ?’ ಅಂದ. ಏನು ಹೇಳಲಿ? ‘ದಿನಾ ಒಂದಿಷ್ಟು ಏರುತ್ತಿದೆ’ ಅಂತ ಬರೆದಿದ್ದರೆ ಮುಗೀತಿತ್ತು. ಇನ್ನೊಂದು ತಂಟೆ, ‘ದರ ಸ್ಟೆಡಿ’ ಅಂತ ಒಂಟಿಯಾಗಿ ಬಂದರೆ ಏರಿಲ್ಲ ಇಳಿದಿಲ್ಲ ಅಂತಲೇ ಅರ್ಥ. ಪಕ್ಕದಲ್ಲಿ ಏರಿಕೆ ಅಂತ ಬಂತೋ, ಆಗ ಏರುವ ವೇಗ ಮಾತ್ರ ಒಂದೇ ಥರ. ಅದಕ್ಕೇ ಪಕ್ಕದ ಪದ ನೋಡದೆ ಸುಮ್ನೆ ನಿಘಂಟು ತೆಗೀಬೇಡ.

ಆಸ್ಪತ್ರೆಯವರು ಪೇಶಂಟ್ ಸ್ಟೇಬಲ್ ಅಂದರೂ ಹುಷಾರಾದ ಅಂತ ಬರೀಬೇಡ. ಸದ್ಯಕ್ಕೆ ಜಾಸ್ತಿ ಆಗುತ್ತಿಲ್ಲ, ಅಷ್ಟೇ.

ನಿನ್ನ ಸಾಲನ್ನು ನಾನಾಗಿದ್ದರೆ ಹೀಗೆ ಬರೀತಿದ್ದೆ: ‘ಗೇಟು ಹೋದರೂ ಕಟ್ಟೆ ಜಗ್ಗಿಲ್ಲ, ನೀರು ಒಂದೇ ಸಮನೆ ಇಳಿಯುತ್ತಿದೆ.’ (ದಯವಿಟ್ಟು ಸ್ಥಾವರ ಜಂಗಮ ಎಳೆದು ತರಬೇಡ, ಡ್ಯಾಮು ಡ್ಯಾಮಾಗಿಯೇ ಇರಲಿ.) ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಹೋದ ಗೇಟಿನ ಜಾಗ ಮುಚ್ಚುವ ಉಕ್ಕಿನ ಅಡ್ಡತಡೆ) ಇಳಿಸಿದ ಭಾಗವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಅದನ್ನು ಬೆಳೆಸಿ ವಾರದೊಳಗೆ ಕಳಿಸು.

ನಿನ್ನ ಅಣ್ಣ