ಕೂಸಿಗೆ ವರ್ಷ ತುಂಬಿತು, ನಿಮಗೆಲ್ಲ ಶರಣು

ಹೋದ ವಾರ ನಮ್ಮ ಮಗಳಿಗೆ ಒಂದು ವರ್ಷ ತುಂಬಿತು. ಆಸ್ಪತ್ರೆಯಲ್ಲಿದ್ದಾಗ ಕೈ ಮುಗಿಯುವುದಷ್ಟೇ ಆಗುತ್ತಿತ್ತು, ಬಾಯಿಂದ ಮಾತು ಬರುತ್ತಿರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹುಟ್ಟುವಾಗಲೇ ಅವಳ ಅನ್ನನಾಳ ಎರಡು ತುಂಡಾಗಿತ್ತು. ಮೇಲಿನ ತುಂಡಿನ ತುದಿ ಮುಚ್ಚಿಹೋಗಿತ್ತು. ಕೆಳಗಿನದು ಹೋಗಿ ಶ್ವಾಸನಾಳಕ್ಕೆ ಸೇರಿತ್ತು. 3,000ದಿಂದ 4,500 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಬಸುರಿದ್ದಾಗ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಇದು ಕಾಣುವುದಿಲ್ಲ, ನಮಗೂ ಕಂಡಿರಲಿಲ್ಲ.

ಮೊದಲ ಶರಣು ಲೋಕಾಪುರದ ಕಡೆ ಹೆರಿಗೆ ಮಾಡಿಸಿದ ಸಿಸ್ಟರ್‌ಗೆ. ಕೂಸಿನ ಬಾಯಲ್ಲಿ ನೊರೆ ಬರುತ್ತಲೇ ಇತ್ತು. ಎಷ್ಟು ಒರೆಸಿದರೂ ಮತ್ತೆ ನೊರೆ. ಹಿರಿಯರು ಜೇನು ನೆಕ್ಕಿಸಲು ಬಂದರೆ ಅವರು ತಡೆದರು. ಸಣ್ಣ ಟ್ಯೂಬ್ ಬಾಯಿಂದ ಇಳಿಸಿದರು. ಸುಮಾರು 10 ಸೆಂಟಿಮೀಟರ್ ಹೋಗಿ ಅದು ನಿಂತುಬಿಟ್ಟಿತು. "ಒಂದ ಹನಿ ಹಾಲು ಹಾಕಬ್ಯಾಡ್ರಿ, ಪುಪ್ಪಸಕ್ಕ ಹೋಗ್ತದ. ಈಗಿಂದೀಗ ಬೆಳಗಾವಿಗೆ ಹೊಂಡ್ರಿ" ಅಂದರು. ಯರಗಟ್ಟಿ, ನೇಸರಗಿ ದಾಟಿ ಬೆಳಗಾವಿ ಮುಟ್ಟುವವರೆಗೂ ಆಂಬುಲೆನ್ಸ್‌ನಲ್ಲಿ ಅವಳ ತಲೆ ಎತ್ತರಕ್ಕೆ ಇಟ್ಟು ಜೊಲ್ಲು ಎಳೆಯುತ್ತಾ ಬಂದ ತಮ್ಮನಿಗೂ ಶರಣು.

ಬೆಳಗಾವಿಯಲ್ಲಿ ಎಕ್ಸ್‌ರೇ ತೆಗೆದರು. ಹೃದಯ, ಕಿಡ್ನಿ ಕೂಡ ನೋಡಿದರು, ಈ ದೋಷದ ಜೊತೆ ಅಲ್ಲೂ ತೊಂದರೆ ಇರಬಹುದಂತೆ. ಆಪರೇಷನ್‌ಗೆ ಮುಂಚೆ ಸರ್ಜನ್ ಸರ್ ನಮ್ಮನ್ನು ಕೂರಿಸಿ, ಕೇಸ್ ಪೇಪರಿನ ಹಿಂದೆ ಪೆನ್ನಿನಿಂದ ಎರಡು ಕೊಳವೆ ಬರೆದು ತೋರಿಸಿದರು. ಜೋಡಿಸಿದ ಜಾಗ ಲೀಕ್ ಆಗಬಹುದು, ಆಮೇಲೆ ಕಿರಿದಾಗಬಹುದು, ಹಾಲು ಮೇಲೆ ಬರಬಹುದು, ಕೆಮ್ಮು ವರ್ಷಗಟ್ಟಲೆ ಇರಬಹುದು. "ಆಪರೇಷನ್ ಆತಂದ್ರ ಮುಗೀತು ಅಂತ ತಿಳೀಬ್ಯಾಡ್ರಿ" ಎಂದರು. ಅವತ್ತು ಎದೆ ಒಡೆದ ಹಾಗಾಯಿತು. ಆದರೆ ಅವರಿಗೆ ನನ್ನ ದೊಡ್ಡ ಧನ್ಯವಾದ ಆ ಮಾತಿಗೇ.

ಯಾಕಂದ್ರೆ ಲೀಕ್ ಆಯಿತು. ಎದೆಗೆ ಹಾಕಿದ ಪೈಪಿನಲ್ಲಿ ಜೊಲ್ಲು ಬರುತ್ತಿರುವುದನ್ನು ಮೊದಲು ಕಂಡದ್ದು ರಾತ್ರಿ ಪಾಳಿಯ ಸಿಸ್ಟರ್. ಯಾರೂ ಮುಚ್ಚಿಡಲಿಲ್ಲ, ಅದೇ ರಾತ್ರಿ ನಮ್ಮನ್ನು ಕರೆದು ಹೇಳಿದರು. ನಮ್ಮ ಸಂಬಂಧಿಕರು ಡಾಕ್ಟರದೇ ತಪ್ಪು ಎಂದು ಎದ್ದು ನಿಂತರು. ನಾನು ಒಪ್ಪಲಿಲ್ಲ. ಚೆನ್ನಾಗಿ ಹೊಲಿದರೂ ಇದು ಆಗಬಹುದು. 1941ರಲ್ಲಿ ಅಮೆರಿಕದ ಕ್ಯಾಮರನ್ ಹೈಟ್ ಎಂಬ ಸರ್ಜನ್ ಮೊದಲ ಬಾರಿಗೆ ಒಂದೇ ಆಪರೇಷನ್‌ನಲ್ಲಿ ಎರಡೂ ತುದಿ ಜೋಡಿಸಿ ಒಂದು ಹೆಣ್ಣುಕೂಸನ್ನು ಉಳಿಸಿದರು. ಆ ಕೂಸಿಗೂ ಲೀಕ್ ಆಗಿತ್ತು, ಆಮೇಲೆ ನಾಳ ಕಿರಿದಾಗಿತ್ತು. ಆದರೂ ಬದುಕಿತು. ಇದನ್ನು ಓದಿಕೊಂಡೇ ನಾನು ಆ ದಿನಗಳನ್ನು ಕಳೆದೆ.

ಮತ್ತೆ ಕೊಯ್ಯಲಿಲ್ಲ. ರಕ್ತನಾಳದ ಮೂಲಕವೇ ಆಹಾರ, ಆಂಟಿಬಯೋಟಿಕ್, ವೆಂಟಿಲೇಟರ್, ಕಾಯುವುದು. ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಸಿಸ್ಟರ್‌ಗಳು ಮುಟ್ಟುವ ಮೊದಲು ಪ್ರತಿ ಸಲ ಕೈ ತೊಳೆಯುತ್ತಿದ್ದರು, ಕೈ ಒಡೆದು ಬಿಳಿಚಿಕೊಂಡಿದ್ದವು. ಬಣ್ಣದ ಔಷಧ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಲೀಕ್ ನಿಂತದ್ದು ಕಂಡಾಗ ನಮಗಿಂತ ಮೊದಲು ಅತ್ತವರು ಅವರೇ.

ಇನ್ನೊಬ್ಬರನ್ನು ನೆನೆಯಬೇಕು. ಇಂಡಿ ಕಡೆಯ ಒಬ್ಬ ತಾಯಿ. ಅವರ ಕೂಸು ಉಳಿಯಲಿಲ್ಲ. ಹೊರಡುವಾಗ ಬುತ್ತಿಯಲ್ಲಿದ್ದ ರೊಟ್ಟಿ, ಶೇಂಗಾ ಚಟ್ನಿ ನನ್ನ ಹೆಂಡತಿಯ ಕೈಗೆ ಕೊಟ್ಟು "ಉಣ್ಣವ್ವಾ, ನಿನಗ ಹಾಲು ಬರಬೇಕಲ್ಲ" ಅಂದರು. ಅವರಿಗೆ ಏನೆಂದು ಧನ್ಯವಾದ ಹೇಳಲಿ?

ಬಿಪಿಎಲ್ ಕಾರ್ಡ್ ಹಿಡಿದು ಸರ್ಕಾರಿ ಚಿಕಿತ್ಸಾ ಯೋಜನೆಯ ಕಾಗದಪತ್ರ ಮಾಡಿಕೊಟ್ಟ, ಆಸ್ಪತ್ರೆಯಲ್ಲಿ ಆ ಯೋಜನೆಗೆ ನೆರವಾಗುವ ಆರೋಗ್ಯಮಿತ್ರ ಅಣ್ಣನಿಗೆ, ಮನೆ ನೋಡಿಕೊಂಡ ನನ್ನ ಅತ್ತೆಗೆ, ಕೇಳದೆಯೇ ಹೊಲಕ್ಕೆ ನೀರು ಬಿಟ್ಟ ಊರವರಿಗೆ ಶರಣು.

ಆಮೇಲೆ ನಾಳ ಕಿರಿದಾಯಿತು, ಅರಿವಳಿಕೆ ಕೊಟ್ಟು ಬಲೂನಿನಿಂದ ಹಿಗ್ಗಿಸಿದರು. ಇನ್ನೂ ಬೇಕಾಗಬಹುದು. ಕೆಮ್ಮು ಜೋರಾಗಿಯೇ ಇದೆ, ಶ್ವಾಸನಾಳ ಮೆತ್ತಗಿರುವುದರಿಂದ ಹಾಗೆ, ಬೆಳೆದಂತೆ ಕಡಿಮೆಯಾಗುತ್ತದೆ. ಈಗ ಮೆತ್ತಗಿನ ಅನ್ನ ಸಾರು ಉಣ್ಣುತ್ತಾಳೆ, ನಿಧಾನವಾಗಿ.

ಓದುವವರಲ್ಲಿ ಒಂದು ಬೇಡಿಕೆ. ಹುಟ್ಟಿದ ಕೂಸು ನೊರೆ ಕಾರುತ್ತಿದ್ದರೆ, ಕೆಮ್ಮಿ ನೀಲಿಯಾಗುತ್ತಿದ್ದರೆ ಏನನ್ನೂ ಕುಡಿಸಬೇಡಿ, ಆಗಲೇ ಡಾಕ್ಟರಿಗೆ ತೋರಿಸಿ.

ಬರುವ ತಿಂಗಳು ತಪಾಸಣೆಗೆ ಬೆಳಗಾವಿಗೆ ಬರುತ್ತೇವೆ. ಶೇಂಗಾ ಹೋಳಿಗೆ ತರುತ್ತೇವೆ. ರಾತ್ರಿ ಪಾಳಿಯವರಿಗೆ ಬೇರೆ ಡಬ್ಬಿ ಇರುತ್ತದೆ.