ಅಜ್ಜಿಗೆ ಹೇಳುವ ಮೊದಲು

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು.

ಕ್ರಿಸ್ಮಸ್‌ಗೆ ಮಂಗಳೂರಿಗೆ ಬಂದಾಗ ನೀನು ಪೇಗನ್ ಆಗಿರುವುದನ್ನು, ಅಂದರೆ ಯುರೋಪಿನ ಕ್ರೈಸ್ತಪೂರ್ವ ನಂಬಿಕೆಗಳ ದಾರಿ ಹಿಡಿದಿರುವುದನ್ನು, ಅಜ್ಜಿಗೂ ದೊಡ್ಡಪ್ಪನ ಮನೆಯವರಿಗೂ ಚರ್ಚಿನ ಸಭೆಯವರಿಗೂ ಹೇಳಬೇಕೋ ಬೇಡವೋ ಎಂದು ಭಾನುವಾರ ರಾತ್ರಿ ಕೇಳಿದೆ. ನಾನು ಕೊಟ್ಟ ಉತ್ತರವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆ ಮಾತಿಗಾಗಿ ನಿನ್ನ ಕ್ಷಮೆ ಕೇಳುತ್ತೇನೆ. ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ನಿಧಾನವಾಗಿ ಬರೆಯೋಣವೆಂದು ಕುಳಿತಿದ್ದೇನೆ.

ನಿನಗೆ ಒಂಬತ್ತು ವರ್ಷವಾಗಿದ್ದಾಗ ಹಿತ್ತಲಿನ ಹಲಸಿನ ಮರದ ಬುಡದಲ್ಲಿದ್ದ ಕಲ್ಲಿಗೆ ಕೇಪಳ ಹೂವಿಟ್ಟಿದ್ದೆ. ಗೊಂಚಲುಗಳನ್ನು ಸುತ್ತಲೂ ಜೋಡಿಸಿ, ಪಕ್ಕದಲ್ಲಿ ತೆಂಗಿನ ಗೆರಟೆಯಲ್ಲಿ ನೀರಿಟ್ಟಿದ್ದೆ. ಅಂದು ಸಂಜೆ ಸಭಾಪಾಲಕರು ಮನೆಗೆ ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಏನು ಗತಿ ಎಂಬ ಒಂದೇ ಯೋಚನೆಯಲ್ಲಿ ನಾನು ಅದನ್ನೆಲ್ಲ ಕಾಲಿನಿಂದ ಒದ್ದು, ಇದು ಅನ್ಯಜನರ ಕೆಲಸ ಎಂದು ಗದರಿಸಿದೆ. ನೀನು ಅಳಲಿಲ್ಲ. ಚೆಲ್ಲಿದ ಹೂಗಳನ್ನು ಲಂಗದಲ್ಲಿ ಆರಿಸಿಕೊಂಡು ಒಳಗೆ ಹೋದೆ. ಮರುದಿನ ನೀರು ಸೇದಲು ಹೋದಾಗ ಬಾವಿಕಟ್ಟೆಯ ಹಿಂದೆ, ಹೊರಗಿನವರಿಗೆ ಕಾಣದ ಜಾಗದಲ್ಲಿ, ಒಡೆದ ಹಂಚಿನ ಮೇಲೆ ಅವೇ ಹೂಗಳು ಅದೇ ಕ್ರಮದಲ್ಲಿ ಜೋಡಣೆಯಾಗಿದ್ದವು. ನೋಡಿಯೂ ನಾನು ಏನೂ ಹೇಳಲಿಲ್ಲ. ಆಗ ಅದನ್ನು ನನ್ನ ದೊಡ್ಡತನವೆಂದು ಭಾವಿಸಿದ್ದೆ. ಈಗ ಲೆಕ್ಕ ಹಾಕಿದರೆ, ಮೂರು ವರ್ಷ ನೀನು ನನ್ನಿಂದ ಮುಚ್ಚಿಟ್ಟ ವಿಷಯವನ್ನು ಮುಚ್ಚಿಡಲು ಕಲಿತದ್ದು ಆ ಬಾವಿಕಟ್ಟೆಯ ಹಿಂದೆಯೇ ಎನಿಸುತ್ತದೆ.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಇಲ್ಲಿಗೆ ಬಂದ ಮೇಲೆ ಕ್ರೈಸ್ತರಾದ ಮನೆಗಳಲ್ಲಿ ನಮ್ಮದೂ ಒಂದು. ದೀಕ್ಷಾಸ್ನಾನ ಪಡೆದು ಮನೆಯನ್ನೂ ಕಸುಬನ್ನೂ ಕಳೆದುಕೊಂಡವರ ಹೊಟ್ಟೆಪಾಡಿಗೆಂದು ಮಿಶನ್ ನೇಯ್ಗೆ ಶಾಲೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ನನ್ನ ಮುತ್ತಜ್ಜ ಆ ಹಂಚಿನ ಕೆಲಸದಲ್ಲಿದ್ದವರು. ಇನ್ನು ಮುಂದೆ ಮನೆಯ ದೈವದ ಕೋಲಕ್ಕೆ ಬರುವುದಿಲ್ಲವೆಂದು ಅವರು ಹಿರಿಯರ ಎದುರಿಗೇ ನಿಂತು ಹೇಳಿ, ಉಟ್ಟ ಬಟ್ಟೆಯಲ್ಲಿ ಹೊರಟುಬಂದ ಕಥೆಯನ್ನು ನಾನು ಸಭೆಯಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ನೀನು ಯಾರದೋ ಬಾಯಿಂದ ನನಗೆ ತಿಳಿಯಲು ಬಿಡದೆ ನೀನೇ ಹೇಳಿದಾಗ ಆ ಮುತ್ತಜ್ಜನ ಧ್ವನಿಯೇ ಕೇಳಿದಂತಾಯಿತು. ಆದರೆ ಆ ಧ್ವನಿ ನನ್ನ ಎದುರಿಗೇ ನಿಂತಾಗ ಹೆಮ್ಮೆಪಡುವುದು ಎಷ್ಟು ಕಷ್ಟವೆಂದು ಆ ಹಿರಿಯರಿಗೆ ಮಾತ್ರ ಗೊತ್ತಿದ್ದಿರಬೇಕು. ನಿನ್ನ ದಾರಿ ಸರಿಯೆಂದು ನಾನು ಹೇಳಲಾರೆ. ಹೇಳಿದರೆ ಸುಳ್ಳಾಗುತ್ತದೆ.

ಫೋನಿಟ್ಟ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಾಟಮಂತ್ರದ ಕುರಿತಾದ ವಿಚ್‌ಕ್ರಾಫ್ಟ್ ಕಾಯಿದೆಯನ್ನು ಬ್ರಿಟನ್ ರದ್ದುಮಾಡಿದ್ದು 1951ರಲ್ಲಿ. ಇಂಗ್ಲೆಂಡಿನಲ್ಲಿ ಪೇಗನ್ ಪಂಥಗಳಲ್ಲೊಂದಾದ ಡ್ರೂಯಿಡ್‌ರ ಸಂಘವೊಂದು ಧಾರ್ಮಿಕ ದತ್ತಿಯಾಗಿ ನೋಂದಣಿಯಾದದ್ದು 2010ರಲ್ಲಿ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಮ್ಮನ್ನು ಪೇಗನ್ ಎಂದು ಬರೆಸಿದ್ದಾರೆ. ನಂಬಿಕೆಯ ಕಾರಣಕ್ಕೆ ಅಲ್ಲಿ ನಿನ್ನ ಕೆಲಸ ಕಿತ್ತುಕೊಳ್ಳುವಂತಿಲ್ಲ ಎಂಬುದನ್ನು ಓದಿ ಸ್ವಲ್ಪ ಸಮಾಧಾನವಾಯಿತು. ಆದರೆ ಇಲ್ಲಿನ ಜನ ಕಾನೂನು ಓದಿ ಮಾತಾಡುವವರಲ್ಲ. ಲ್ಯಾಟಿನಿನಲ್ಲಿ ಪೇಗನ್ ಎಂದರೆ ಮೂಲತಃ ಹಳ್ಳಿಯವನು ಎಂದಷ್ಟೇ ಅರ್ಥವಂತೆ. ನಮ್ಮವರ ಕಿವಿಗೆ ಅದು ಮಾಟ, ಮಂತ್ರ, ಪಿಶಾಚಿ ಎಂದೇ ಬೀಳುತ್ತದೆ. ದೊಡ್ಡಪ್ಪನ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ನಾಳೆ ನಿನ್ನ ಅಮ್ಮನ ಸಮಾಧಿಯ ಪಕ್ಕದಲ್ಲಿ ನಿನಗೆ ಜಾಗ ಉಂಟೋ ಇಲ್ಲವೋ ಎಂದು ಯಾರಾದರೂ ಕಮಿಟಿಯಲ್ಲಿ ಎದ್ದು ಕೇಳಿಯಾರು ಎಂಬ ಭಯ ನನ್ನನ್ನು ರಾತ್ರಿಯೆಲ್ಲ ಕಾಡಿದೆ. ಇನ್ನೂ ಮೂವತ್ತು ತುಂಬದ ಮಗಳ ಸಮಾಧಿಯ ಬಗ್ಗೆ ಯೋಚಿಸುವ ಅಪ್ಪನಾಗಿಬಿಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ಆದ್ದರಿಂದ ಹೇಳುತ್ತೇನೆ, ಕೇಳು. ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಏನೂ ಬರೆಯಬೇಡ. ಒಬ್ಬೊಬ್ಬರ ಎದುರು ಕುಳಿತು ಹೇಳು. ಊಟದ ಹೊತ್ತಿನಲ್ಲಿ ಬೇಡ, ಹಬ್ಬದ ದಿನ ಬೇಡ. ದೊಡ್ಡಪ್ಪ ವಾದಕ್ಕೆ ಇಳಿದರೆ ನೀನು ಇಳಿಯಬೇಡ. ಬೈಬಲ್ ವಚನಗಳನ್ನು ಬಾಯಿಪಾಠ ಮಾಡಿದವಳೆಂದು ಅವರಿಗೆ ವಚನದಿಂದಲೇ ಉತ್ತರ ಕೊಡಲು ಹೋಗಬೇಡ. ಬಟ್ಟೆಯ ಮೇಲೆ ಕಾಣುವಂತೆ ನಿನ್ನ ಆ ಪೇಗನ್ ಪದಕವನ್ನು ಹಾಕಿಕೊಂಡು ಸಭೆಗೆ ಬರಬೇಡ. ಬೇಡ, ಬೇಡ ಎಂದೇ ಬರೆಯುತ್ತಿದ್ದೇನೆ. ಹೂವನ್ನು ಒದ್ದ ದಿನವೂ ನನ್ನ ಬಾಯಲ್ಲಿದ್ದದ್ದು ಇದೇ ಪದ.

ಸಭೆಯವರಿಗೆ ನೀನಾಗಿ ಹೇಳಬೇಕಾದ ಋಣವೇನೂ ಇಲ್ಲ. ನನ್ನನ್ನು ಯಾರಾದರೂ ನೇರವಾಗಿ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಸಭೆಯಲ್ಲಿ ನನಗಿರುವ ಹಿರಿಯರ ಸ್ಥಾನ ಬಿಡಬೇಕಾಗಿ ಬಂದರೆ ಬಿಡುತ್ತೇನೆ. ಅದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ.

ಅಜ್ಜಿಯ ವಿಷಯ ಬೇರೆ. ಅಕ್ಟೋಬರ್ 31ರ ರಾತ್ರಿ ನಿಮ್ಮವರೆಲ್ಲ ಸೇರಿ ತೀರಿಹೋದವರ ಹೆಸರು ಹೇಳಿ ದೀಪ ಹಚ್ಚುತ್ತೀರಿ, ನಾನು ಅಮ್ಮನ ಹೆಸರು ಹೇಳುತ್ತೇನೆ ಎಂದೆಯಲ್ಲ, ಫೋನಿನಲ್ಲಿ ನಾನು ಕಿರುಚಿದ್ದು ಆ ಮಾತಿಗೇ. ಈ ಮನೆಯಲ್ಲಿ ಅವಳ ಹೆಸರನ್ನು ಗಟ್ಟಿಯಾಗಿ ಹೇಳಿ ನಾಲ್ಕು ವರ್ಷವಾಯಿತು. ಅದು ಅಜ್ಜಿಗೆ ತಾನು ಹೆತ್ತ ಮಗಳ ಹೆಸರು. ಪೇಗನ್ ಎಂಬ ಪದವನ್ನು ಆಮೇಲೆ ಹೇಳು. ಮೊದಲು ಆ ದೀಪದ ವಿಷಯ ಹೇಳು. ಬೆಳಗಿನ ಚಹಾ ಆದ ಮೇಲೆ ಅವರು ಜಗಲಿಯಲ್ಲಿ ಒಬ್ಬರೇ ಕುಳಿತಿರುತ್ತಾರೆ, ಬಲಗಿವಿಯ ಕಡೆ ಕುಳಿತುಕೋ. ಆ ಹೊತ್ತಿಗೆ ನಾನು ಹತ್ತಿರ ಇರಬೇಕೋ, ಹಿತ್ತಲಿಗೆ ಹೋಗಬೇಕೋ ಎಂಬುದನ್ನು ಹೊರಡುವ ಮೊದಲೇ ತಿಳಿಸು.

ನಿನ್ನ,
ಅಪ್ಪ